ಹಳ್ಳದಾಚೆಯ ಮಾತು

ನನ್ನ ಗಂಡನಿಗೆ ಒಂದು ಚಟವಿದೆ. ಇಬ್ಬರು ಒಂದೇ ಸೀಮೆಯವರೆಂದು ಗೊತ್ತಾದರೆ ಸಾಕು, ಅವರನ್ನು ಎದುರುಬದುರು ಕೂರಿಸಿ ಊಟ ಹಾಕುವ ತನಕ ಇವರಿಗೆ ಸಮಾಧಾನವಿಲ್ಲ. ಇಂಗ್ಲೆಂಡಿನ ಈ ಶೆಫೀಲ್ಡಿನಲ್ಲಿ ಮೈಸೂರಿನವರು ಯಾರೇ ಸಿಕ್ಕರೂ 'ನಮ್ಮೂರೋರು ಕಣೇ' ಎಂದು ಮನೆಗೆ ಎಳೆದುಕೊಂಡು ಬರುತ್ತಾರೆ. ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಆದರೆ ಆ ವರ್ಷದ ಯುಗಾದಿಗೆ ಇವರು ಈ ವಿದ್ಯೆಯನ್ನು ನೈಜೀರಿಯಾದವರ ಮೇಲೂ ಪ್ರಯೋಗಿಸಿಬಿಟ್ಟರು.

ನಾನು ಆಪರೇಷನ್ನಿಗೆ ಅರಿವಳಿಕೆ ಕೊಡುವ ಡಾಕ್ಟರು. ನಮ್ಮ ಥಿಯೇಟರಿನ ನರ್ಸ್ ನೈಜೀರಿಯಾದ ಜೋಸ್ ಎಂಬ ಊರಿನ ಸೀಮೆಯ ರೈತರ ಮಗ. ಅವನ ಹಳ್ಳಿಯ ಮೇಲೆ ಫುಲಾನಿ ದನಗಾಹಿಗಳು ಬಿದ್ದು, ಊರೆಲ್ಲ ಓಡಿಹೋಗಿತ್ತು. ಹಳ್ಳದ ದಂಡೆಯ ಆಲೂಗಡ್ಡೆ ಕೀಳದೆ ಬರುವುದಿಲ್ಲವೆಂದು ಅವನ ತಾಯಿ ಒಬ್ಬಳೇ ಅಲ್ಲಿ ಉಳಿದಿದ್ದಳು. ವಾರದಿಂದ ಅವಳ ಫೋನ್ ಹತ್ತುತ್ತಿರಲಿಲ್ಲ. ಬದುಕಿದ್ದಾಳೋ ಇಲ್ಲವೋ ತಿಳಿಯದೆ ಆತ ಕತ್ತರಿ, ಕ್ಲಿಪ್ಪು ಎತ್ತಿಕೊಡುತ್ತಿದ್ದ.

ಹಬ್ಬದ ದಿನ ಅವನನ್ನು ಊಟಕ್ಕೆ ಕರೆದಿದ್ದೆ. ಅವನು ಬಂದು ಕೂತ ಸ್ವಲ್ಪ ಹೊತ್ತಿಗೆ ಇವರು ನಮ್ಮ ಥಿಯೇಟರಿಗೆ ಹೊಸದಾಗಿ ಬಂದಿದ್ದ ಕಿರಿಯ ಸರ್ಜನ್ ಹುಡುಗಿಯನ್ನು ಕಾರಿನಲ್ಲಿ ಕರೆತಂದರು. "ಇವರದ್ದೂ ಜೋಸೇ ಅಂತೆ!" ಎಂದು ಬಾಗಿಲಲ್ಲೇ ಸಾರಿದರು. ಆಕೆ ತನ್ನ ಹೆಸರು ಹೇಳಿದಳು. ಅವನ ಮುಖ ಬಿಗಿಯಿತು.

"ಫುಲಾನಿ?" ಎಂದ.

"ಹೌದು."

ಅವನು ಎದ್ದು ನಿಂತ. ಅಯ್ಯೋ ಶಿವನೇ, ಇವರು ಆಗಲೂ "ಒಬ್ಬಟ್ಟು ಹಾಕಲಾ?" ಎಂದು ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದರು. ಸಿಟ್ಟು ಬಂದರೆ ನನ್ನ ಬಾಯಲ್ಲಿ ಗದಗ ಹೊರಡುತ್ತದೆ. "ನಿಮ್ಮ ತಲಿ ಕೆಟ್ಟದೇನ್ರಿ? ಸುಮ್ನ ಕುಂದರ್ರಿ!" ಎಂದು ಗದರಿದೆ.

ಗದರಿದ ನಾನೇನು ಸುಮ್ಮನಿದ್ದೆನೇ? ಹೇಗಾದರೂ ಮಾತು ಬದಲಿಸಬೇಕೆಂದು ನಮ್ಮ ಕಡೆಯ ಕುರಿ ತರುಬಿಸುವ ಪದ್ಧತಿ ಹೇಳಲು ಹೊರಟೆ. ಸುಗ್ಗಿ ಮುಗಿದ ಮೇಲೆ ಕುರುಬರನ್ನು ಕರೆದು ಹೊಲದಲ್ಲಿ ಹಿಂಡು ನಿಲ್ಲಿಸುತ್ತೇವೆ, ಗೊಬ್ಬರ ನಮಗೆ, ಜೋಳ ಅವರಿಗೆ ಎಂದೆ.

"ನಮ್ಮಲ್ಲೂ ಇತ್ತು," ಎಂದ ಆತ. "ಇವರ ದನ ನಮ್ಮ ಹೊಲದಲ್ಲೇ ಮಲಗ್ತಿದ್ವು. ನಮ್ಮಪ್ಪ ಒಂದೊಂದು ಹೋರೀನೂ ಹೆಸರಿಟ್ಟು ಕರೀತಿದ್ದ. ಈಗ ಅವರೇ ಬಂದು ಮನೆ ಸುಟ್ಟರು."

"ದನ ನೀರಿಗಿಳಿಯೋ ದಾರೀಲಿ ಪಂಪಿಟ್ಟು ಆಲೂಗಡ್ಡೆ ಹಾಕಿದ್ದು ಯಾರು?" ಆಕೆಯೂ ಸುಮ್ಮನಿರುವವಳಲ್ಲ. "ಹಳ್ಳದ ತನಕ ಒಂದು ಗೇಣು ಜಾಗ ಬಿಟ್ರಾ? ಬಾಯಾರಿದ ದನಕ್ಕೆ ನಿಮ್ಮ ಬೇಲಿ ಅರ್ಥವಾಗತ್ತಾ? ನಮ್ಮ ದನಗಳ ಕಾಲು ಕಡಿದವರು ನಿಮ್ಮವರೇ."

"ನನ್ನ ತಾಯಿ ಯಾರ ಕಾಲೂ ಕಡಿದಿಲ್ಲ!"

ಅವನು ಕಿರುಚಿದ. ತಾಯಿಯ ವಿಷಯ ಆಕೆಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ. ಆಕೆ ಹಳ್ಳಿಯ ಹೆಸರು ಕೇಳಿದಳು. ಅವನು ಹೇಳಲಿಲ್ಲ. ಹೇಳಿದರೆ ಕೊಲ್ಲುವವರಿಗೆ ದಾರಿ ತೋರಿಸಿದಂತೆ ಎಂದು ಹೆದರಿದ್ದ. ನಾನು ಅವನ ತೋಳು ಹಿಡಿದು, "ಹೇಳಪ್ಪಾ, ಬೇರೆ ದಾರಿ ಏನಿದೆ?" ಎಂದು ಬೇಡಿಕೊಂಡೆ. ಕೊನೆಗೆ ಹೇಳಿದ.

ಆಕೆ ಹಿತ್ತಲಿಗೆ ಹೋಗಿ ಫೋನ್ ಮಾಡಿದಳು. ಆಕೆಯ ಸೋದರಮಾವ ಆ ಹಳ್ಳದಾಚೆ ದನದೊಂದಿಗೆ ಬೀಡು ಬಿಟ್ಟಿದ್ದನಂತೆ. ತೆರೆದ ಬಾಗಿಲಿನಿಂದ ಫುಲಾನಿ ಮಾತು ಕೇಳಿಬರುತ್ತಿತ್ತು.

ಆಕೆ ಒಳಗೆ ಬಂದಳು. "ಇದ್ದಾರೆ. ಬೆಳಿಗ್ಗೆ ಕೂಡ ನಿಮ್ಮ ತಾಯಿ ನಮ್ಮ ದನಕ್ಕೆ ಕಲ್ಲು ಹೊಡೆದರಂತೆ."

ಅವನು ಮುಖ ಮುಚ್ಚಿಕೊಂಡು ನಕ್ಕನೋ ಅತ್ತನೋ, ಎರಡೂ ಇರಬೇಕು. "ಅವಳೇ, ಅವಳೇ" ಎಂದ. ಆಮೇಲೆ, "ಅವಳ ಮೈಗೆ ಯಾರೂ ಕೈ ಹಾಕಬಾರದು ಅಂತ ನಿಮ್ಮ ಮಾವನಿಗೆ ಹೇಳಿ," ಎಂದ.

"ಹೇಳಿದೆ. ಇವತ್ತಿಗೆ ಮಾತು ಕೊಡ್ತೀನಿ, ನಾಳೇದು ನನ್ನ ಕೈಯಲ್ಲಿಲ್ಲ ಅಂದ."

"ಹಾಗಾದ್ರೆ ನಾಳೇನೂ ಫೋನ್ ಮಾಡಿ."

ಅಂದಿನಿಂದ ಆಕೆ ದಿನಾ ಫೋನ್ ಮಾಡಿದಳು. ಇಬ್ಬರೂ ಸ್ನೇಹಿತರಾದರೆಂದು ಇವರು ಬೀಗಿದರು, ನನಗೆ ಮೈಯೆಲ್ಲ ಉರಿಯಿತು. ಅವರು ಜೊತೆಗೆ ಒಂದು ಕಪ್ ಟೀ ಸಹ ಕುಡಿದವರಲ್ಲ. ಬೆಳಿಗ್ಗೆ ಥಿಯೇಟರಿನಲ್ಲಿ ಕೈ ತೊಳೆಯುವಾಗ ಅವನು ನಲ್ಲಿಯ ಕಡೆ ನೋಡುತ್ತಲೇ "ಇವತ್ತು?" ಎಂದು ಕೇಳುತ್ತಿದ್ದ, ಆಕೆ "ಇದ್ದಾರೆ" ಎನ್ನುತ್ತಿದ್ದಳು. ಆ ಉತ್ತರ ಕೇಳುವ ತನಕ ನನಗೂ ಔಷಧಿ ಸಿರಿಂಜಿಗೆ ತುಂಬಿಸಲು ಮನಸ್ಸಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಕೇಳಿದಾಗ ಆಕೆ "ಇದ್ದಾರೆ" ಎನ್ನಲಿಲ್ಲ. ಅವನು ಮೊದಲ ಸಲ ತಿರುಗಿ ಆಕೆಯ ಮುಖ ನೋಡಿದ.

"ಮಾವ ಹೋದ," ಎಂದಳು. "ನಿನ್ನೆ ದನಕ್ಕೆ ನೀರು ಕುಡಿಸೋಕೆ ಹಳ್ಳಕ್ಕೆ ಇಳಿಸಿದ್ದ. ಗುಡ್ಡದಲ್ಲಿ ಅಡಗಿದ್ದ ನಿಮ್ಮ ಹಳ್ಳಿಯವರು ಗುಂಡು ಹೊಡೆದರು."

ಅವನು ನಲ್ಲಿ ನಿಲ್ಲಿಸಿದ. ಕ್ಷೀಣವಾಗಿ, "ಅಮ್ಮ?" ಎಂದ.

ಆಕೆ ಅಳುತ್ತಿದ್ದಳು. "ಕೇಳೋಣ ಅಂದ್ರೆ ಅಲ್ಲಿ ನನಗೆ ಇನ್ಯಾರಿದ್ದಾರೆ?"