ಜೆರೂಷಾಳ ಮೊದಲ ಬೆಂಚು

ಜೆರೂಷಾ ನಿಕರ್ಸನ್ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನ ಮಾತು ಕೇಳಿ ನೀವು ಹಾಗಂದುಕೊಂಡರೆ ಅದು ನನ್ನ ತಪ್ಪಲ್ಲ. ಗಂಡ ಎಲ್ಕಾನಾ ವರ್ಷದ ಮುಕ್ಕಾಲು ಪಾಲು ಕಾಡ್ ಮೀನಿನ ಹಿಂದೆ ಸಮುದ್ರದಲ್ಲಿ ಇರುತ್ತಿದ್ದ. ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿ, ಇಳಿಸಿ, ತೊಳೆದು, ಒರೆಸಿ ನೋಡಿಕೊಂಡವಳು ಅವಳೇ. ಒಂದು ದಿನ ಗೊಣಗಿದವಳಲ್ಲ. ಅವಳಿಗಿದ್ದದ್ದು ಒಂದೇ ಒಂದು ಕಾಯಿಲೆ. ಆ ಕಾಯಿಲೆಯ ಹೆಸರು ಕೆಜಾಯ ಎಲ್ಡ್ರಿಜ್.

ಇಬ್ಬರೂ ಒಂದೇ ಚಳಿಗಾಲದಲ್ಲಿ, ಒಂದೇ ಓಣಿಯಲ್ಲಿ ಹುಟ್ಟಿದವರು. ಮ್ಯಾಸಚುಸೆಟ್ಸ್ ಕರಾವಳಿಯ ಆ ಸಣ್ಣ ಊರಿನಲ್ಲಿ ಒಬ್ಬಳ ಹೆಸರು ಹೇಳಿದರೆ ಇನ್ನೊಬ್ಬಳದೂ ಬಾಯಿಗೆ ಬರುತ್ತಿತ್ತು, ಮತ್ತು ಕೆಜಾಯಳದೇ ಮೊದಲು ಬರುತ್ತಿತ್ತು. ಕೆಜಾಯಳ ರೊಟ್ಟಿ ಉಬ್ಬಿದರೆ ಜೆರೂಷಾಳದು ಕೂತುಬಿಡುತ್ತಿತ್ತು. ಕೆಜಾಯ ಕೀರ್ತನೆ ಎತ್ತಿಕೊಂಡರೆ ಪಾದ್ರಿಗಳೇ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಎಲ್ಕಾನಾ ಮೊದಲು ತಟ್ಟಿದ್ದು ಕೆಜಾಯಳ ಮನೆಯ ಬಾಗಿಲನ್ನು ಎಂದು ಊರು ಆಡಿಕೊಳ್ಳುತ್ತಿತ್ತು. ಕೊನೆಗೆ ಕೆಜಾಯಳ ಗಂಡ ತಿಮಿಂಗಿಲದ ಬೇಟೆಗೆ ಹೋಗಿ ಮುಳುಗಿ ಸತ್ತಾಗ ಊರಿಗೆ ಊರೇ ಅವಳ ಮನೆಗೆ ಕಾಳು ಬೇಯಿಸಿ ಹೊತ್ತುಕೊಂಡು ಹೋಯಿತಲ್ಲ, ಆಗಲೂ ಜೆರೂಷಾಳಿಗೆ ಹೊಟ್ಟೆ ಉರಿಯಿತು. ಅಯ್ಯೋ ದೇವರೇ, ಗಂಡ ಸತ್ತದ್ದಕ್ಕೂ ಹೊಟ್ಟೆಕಿಚ್ಚು ಪಡುವುದೇ ಎಂದು ಅವಳೇ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಕಿಚ್ಚು ಮಾತ್ರ ಆರಲಿಲ್ಲ.

ಆ ಊರಿನ ಪ್ರಾರ್ಥನೆಮನೆಯಲ್ಲಿ ಬಂದವರು ಬಂದಲ್ಲಿ ಕೂರುವಂತಿರಲಿಲ್ಲ. ಯಾರು ಯಾವ ಬೆಂಚು ಎಂದು ಹಿರಿಯರು ವಯಸ್ಸು, ಆಸ್ತಿ, ನಡತೆ ಎಲ್ಲ ತೂಗಿ ಗೊತ್ತುಮಾಡುತ್ತಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮೊದಲ ಬೆಂಚಿಗೆ ಮರ್ಯಾದೆ, ಬಾಗಿಲ ಬಳಿಯ ಕೊನೆಯ ಬೆಂಚಿಗೆ ಅವಮಾನ. ಕೆಜಾಯಳದು ಎರಡನೆಯದು, ಜೆರೂಷಾಳದು ಸರಿಯಾಗಿ ಅದರ ಹಿಂದಿನದು. ವರ್ಷಗಟ್ಟಲೆ, ಪ್ರತಿ ಭಾನುವಾರ, ಎರಡು ಹೊತ್ತಿನ ಉಪದೇಶ ಮುಗಿಯುವ ತನಕ ಅವಳ ಕಣ್ಣೆದುರು ಇದ್ದದ್ದು ದೇವರಲ್ಲ, ಕೆಜಾಯಳ ಕತ್ತು. ಆ ಕತ್ತಿನ ಮೇಲಿನ ಮಚ್ಚೆ ಅವಳಿಗೆ ಬೈಬಲಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಹೀಗಿರುವಾಗ ಡೀಕನ್ ಎಫ್ರಾಯಿಮರ ತಾಯಿ ತೀರಿಕೊಂಡು ಮೊದಲ ಬೆಂಚಿನಲ್ಲಿ ಒಂದು ಜಾಗ ಖಾಲಿಯಾಯಿತು. ಚರ್ಚಿನ ಆಡಳಿತವೆಲ್ಲ ಆ ಡೀಕನ್ನರ ಕೈಯಲ್ಲೇ ಇತ್ತು. ಜೆರೂಷಾಳ ನಿದ್ದೆ ಹಾರಿಹೋಯಿತು. ಆ ಜಾಗ ಸಿಕ್ಕರೆ ಆ ಕತ್ತು ನೋಡುವ ಕರ್ಮ ತಪ್ಪುತ್ತದೆ. ಅವಳೇ ನನ್ನ ಕತ್ತು ನೋಡಲಿ!

ಆದರೆ ಬಾವಿಕಟ್ಟೆಯಲ್ಲಿ ಹೆಂಗಸರ ಬಾಯಲ್ಲಿ ಓಡಾಡುತ್ತಿದ್ದ ಹೆಸರು ಬೇರೆ.

"ಕೆಜಾಯಂಗೇ ಆಗುತ್ತೆ ಬಿಡಿ. ಪಾಪ, ವಿಧವೆ. ಹಾಡ್ತಾಳೆ ಬೇರೆ."

"ಹೌದೌದು," ಎಂದಳು ಜೆರೂಷಾ, ಬಾವಿಯ ಹಗ್ಗವನ್ನು ಯಾರದೋ ಕುತ್ತಿಗೆ ಹಿಚುಕುವಂತೆ ಎಳೆಯುತ್ತಾ. "ನಾವೆಲ್ಲ ಕಾಗೆಗಳು ತಾನೆ."

ಅದು ಚಹಾದ ಗಲಾಟೆಯ ವರ್ಷ. ಬಾಸ್ಟನ್ನಿನ ಬಂದರಿನಲ್ಲಿ ಗಂಡಸರು ಕಡಲಾಚೆಯ ದೊರೆ ಸುಂಕ ಹೇರಿದ್ದ ಚಹಾವನ್ನು ಪೆಟ್ಟಿಗೆ ಪೆಟ್ಟಿಗೆಯೇ ಎತ್ತಿ ಸಮುದ್ರಕ್ಕೆ ಸುರಿದು ಇನ್ನೂ ಆರು ತಿಂಗಳಾಗಿರಲಿಲ್ಲ. ಈ ಊರೇನು ಕಮ್ಮಿಯೇ? ಎಲ್ಲರ ಮನೆಯ ಚಹಾವನ್ನೂ ತರಿಸಿ ಬಯಲಲ್ಲಿ ಗುಡ್ಡೆ ಹಾಕಿ ಬೆಂಕಿ ಇಟ್ಟರು. ಇನ್ನು ಈ ಮನೆಹಾಳು ಎಲೆ ಮುಟ್ಟುವುದಿಲ್ಲ ಎಂದು ಪ್ರಾರ್ಥನೆಮನೆಯಲ್ಲಿ ಕೈಯೆತ್ತಿ ಆಣೆ ಮಾಡಿದರು. ಆಣೆ ಮುರಿದವರು ಬೆಂಚುಗಳ ನಡುಹಾದಿಯಲ್ಲಿ ನಿಂತು ಎಲ್ಲರೆದುರು ತಪ್ಪೊಪ್ಪಿಕೊಂಡು ಕೊನೆಯ ಬೆಂಚಿಗೆ ಹೋಗಬೇಕು. ಅವರನ್ನು ಯಾರೂ ಮನೆಗೆ ಸೇರಿಸುವಂತಿಲ್ಲ. ಅಂದಿನಿಂದ ಮನೆಮನೆಯಲ್ಲೂ ರಾಸ್‌ಬೆರಿ ಎಲೆ ಕುದಿಸಿ, ಆಹಾ ಎಷ್ಟು ರುಚಿ ಎಂದು ಮುಖ ಕಿವುಚಿಕೊಂಡೇ ಕುಡಿಯುತ್ತಿದ್ದರು.

ಸುಳ್ಳು ಹೇಳಲು ಒಪ್ಪದವಳು ಜೆರೂಷಾಳ ಅತ್ತೆ ತಬಿತಾ ಒಬ್ಬಳೇ.

"ಏನೇ ಇದು? ಹುಲ್ಲು ಬೇಯಿಸಿದ ನೀರು! ನಾನೇನು ಹಸುವಾ?"

"ಸ್ವಾತಂತ್ರ್ಯದ ಚಹಾ ಅತ್ತೆ. ಊರೆಲ್ಲ ಇದನ್ನೇ ಕುಡಿಯೋದು."

"ಊರು ಕುಡೀಲಿ. ನಾನು ಸಾಯೋಳು, ನಂಗ್ಯಾಕೆ ಸ್ವಾತಂತ್ರ್ಯ?" ಎಂದು ಮುದುಕಿ ಗೋಡೆಯ ಕಡೆ ತಿರುಗಿಕೊಂಡಳು. ಜೆರೂಷಾ ಬಟ್ಟಲನ್ನು ಕೈಗೆಟುಕುವಲ್ಲಿ ಇಟ್ಟು, ತಟ್ಟಿಯ ಮೇಲೆ ಒಣಹಾಕಿದ ಉಪ್ಪುಮೀನು ಮಗುಚಲು ಓಡಿದಳು.

ಮಧ್ಯಾಹ್ನ ಅವಳು ಮೀನಿನ ಕಡೆ ಹೋದಾಗ ಮುದುಕಿಯ ಬಳಿ ಬಂದು ಕೂರುತ್ತಿದ್ದವಳು ಯಾರು ಹೇಳಿ? ಕೆಜಾಯ. ಜೆರೂಷಾ ಮರಳಿ ಬರುವಷ್ಟರಲ್ಲಿ ತಬಿತಾಳ ಕೆನ್ನೆಗೆ ಬಣ್ಣ ಬಂದಿರುತ್ತಿತ್ತು. "ಕೆಜಾಯ ಬಂದಿದ್ಲು. ಎಂಥಾ ಹುಡುಗಿ!" ಹುಡುಗಿಯಂತೆ! ಅವಳಿಗೂ ತನ್ನಷ್ಟೇ ವಯಸ್ಸು, ಮೊಣಕಾಲು ನೋವು ಬೇರೆ. ಗೆಯ್ಯುವವಳು ನಾನು, ಹೊಗಳಿಸಿಕೊಳ್ಳುವವಳು ಅವಳು ಎಂದು ಜೆರೂಷಾಳ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಮಧ್ಯಾಹ್ನ ಒಲೆ ಆರಿಹೋಯಿತು. ಜೆರೂಷಾ ಕಬ್ಬಿಣದ ಸೌಟು ಹಿಡಿದು ಕೆಂಡ ಕೇಳಲು ಪಕ್ಕದ ಕೆಜಾಯಳ ಮನೆಯ ಹಿತ್ತಿಲ ಬಾಗಿಲು ತಳ್ಳಿದಳು. ತಳ್ಳಿದವಳು ಹಾಗೇ ನಿಂತಳು. ಆ ವಾಸನೆ! ಅದು ರಾಸ್‌ಬೆರಿಯಲ್ಲ, ಸೇಜ್ ಸೊಪ್ಪೂ ಅಲ್ಲ. ಕೆಜಾಯ ಗಡಬಡಿಸಿ ಕೆಟಲಿನ ಮೇಲೆ ಏಪ್ರನ್ ಮುಚ್ಚಿದಳು.

"ಕೆಂಡ ಬೇಕಾಗಿತ್ತು," ಎಂದಳು ಜೆರೂಷಾ.

"ತಗೋ, ತಗೋ. ಜೋಪಾನ ಕಣೆ, ಗಾಳಿ ಇದೆ."

ಕೆಂಡ ಹಿಡಿದು ಹೊರಬಂದ ಜೆರೂಷಾ ಮನೆಯ ಕಡೆ ತಿರುಗಲಿಲ್ಲ. ನೆಟ್ಟಗೆ ಡೀಕನ್ ಮನೆಗೆ ನಡೆದಳು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಿಕ್ಕಿಬಿದ್ದಳು! ಇಷ್ಟು ವರ್ಷ ಎಲ್ಲದರಲ್ಲೂ ಗೆದ್ದವಳು ಒಂದು ಚಿಟಿಕೆ ಎಲೆಗೆ ಸಿಕ್ಕಿಬಿದ್ದಳು!

"ಡೀಕನ್ನೋರೇ, ಹೇಳ್ಬಾರ್ದು ಅಂತಿದ್ದೆ. ಆದ್ರೆ ಆಣೆ ಅಂದ್ರೆ ಆಣೆ ಅಲ್ವಾ?"

"ಏನಮ್ಮಾ ಅದು?"

ಅವಳು ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಸೌಟಿನಲ್ಲಿದ್ದ ಕೆಂಡ ಬೂದಿಯಾಗಿತ್ತು. ಡೀಕನ್ ಮನೆಯವರೇ ಬೇರೆ ಕೆಂಡ ಕೊಟ್ಟು ಕಳಿಸಿದರು.

ಆ ಭಾನುವಾರ ಕೆಜಾಯ ನಡುಹಾದಿಯಲ್ಲಿ ನಿಂತಳು. ಊರಿಗೆ ಊರೇ ಕತ್ತು ಉದ್ದ ಮಾಡಿತು.

"ಚಹಾ ಕಾಯಿಸಿದ್ದು ಹೌದೇನಮ್ಮಾ?" ಎಂದರು ಪಾದ್ರಿಗಳು.

"ಹೌದು."

"ಯಾರ ಜೊತೆ ಕುಡಿದೆ?"

"ನನ್ನ ಒಲೆ, ನನ್ನ ಕೆಟಲು. ತಪ್ಪು ನಂದೇ."

ಎಂದವಳೇ ತಲೆಯೆತ್ತಿ ನಡೆದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಉಪದೇಶ ಮುಗಿದ ಮೇಲೆ ಹೊಸ ಜಾಗಗಳನ್ನು ಓದಿದರು. ಮೊದಲ ಬೆಂಚು, ಜೆರೂಷಾ ನಿಕರ್ಸನ್. ಮಧ್ಯಾಹ್ನದ ಪ್ರಾರ್ಥನೆಗೆ ಅವಳು ಅಲ್ಲಿ ಹೋಗಿ ಕೂತಳು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆದರೆ ಎದುರಿಗಿದ್ದದ್ದು ಬರೀ ಹಲಗೆಯ ಗೋಡೆ. ಹಿಂದೆ, ದೂರದಲ್ಲಿ, ಕೀರ್ತನೆಯ ಹೊತ್ತಿಗೆ ಅದೇ ಹಾಳು ಸ್ವರ ಎಲ್ಲರ ಸ್ವರದ ಮೇಲೆ ತೇಲಿ ಬಂತು. ಜೆರೂಷಾಳ ಕತ್ತು ಬಿಸಿಯಾಯಿತು.

ಅವಳ ಮನೆಯಲ್ಲಿ ತಬಿತಾ ಸೋಮವಾರ ಬಾಗಿಲು ನೋಡುತ್ತಾ ಮಲಗಿದಳು. ಮಂಗಳವಾರವೂ ಅಷ್ಟೇ. ಬುಧವಾರ ಜೋಳದ ಗಂಜಿಯನ್ನು ಬಾಯಿಗೇ ಸೇರಿಸಲಿಲ್ಲ.

"ಕೆಜಾಯ ಯಾಕೆ ಬರ್ಲಿಲ್ಲ?"

"ಬರೋ ಹಾಗಿಲ್ಲ ಅತ್ತೆ. ಕದ್ದು ಚಹಾ ಕುಡಿದು ಸಿಕ್ಕಿಬಿದ್ದಿದ್ದಾಳೆ. ನಂಗೆ ಮೊದಲ ಬೆಂಚು ಬಂತು, ಹೇಳಿದ್ನಲ್ಲ?"

ಮುದುಕಿ ಅವಳ ಮುಖವನ್ನೇ ನೋಡಿದಳು. ನೋಡಿ ನೋಡಿ ಕಣ್ಣಲ್ಲಿ ನೀರು ಬಂತು.

"ಅವಳೆಲ್ಲಿ ಕುಡಿದ್ಲೇ? ಕುಡಿದವಳು ನಾನು. ಮೇಲಂಗಿಯೊಳಗೆ ಮುಚ್ಚಿಟ್ಟುಕೊಂಡು ನಂಗೆ ತಂದು ಕೊಡ್ತಿದ್ಲು. ಒಂದು ತೊಟ್ಟು ಅವಳು ಬಾಯಿಗೆ ಹಾಕ್ಕೊಂಡಿಲ್ಲ."

ಜೆರೂಷಾಳಿಗೆ ನಾಚಿಕೆಯಾಯಿತೇ ಎಂದರೆ, ಆಯಿತು. ಆದರೆ ಮೊದಲು ಬಂದದ್ದು ಅದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವಳು ಅಂದುಕೊಂಡದ್ದು ಹೀಗೆ: ನಡುಹಾದಿಯಲ್ಲಿ ನಿಂತು ಕೆಜಾಯ ಆ ಚಹಾ ನಿಕರ್ಸನ್ನರ ಮನೆಗೆ ಎಂದು ಒಂದು ಮಾತು ಹೇಳಿದ್ದರೆ ನನ್ನ ಮಾನ ಹೋಗುತ್ತಿತ್ತು. ಅವಳು ಹೇಳಲಿಲ್ಲ. ಆ ದೊಡ್ಡತನವನ್ನೂ ಅವಳೇ ಹೊಡೆದುಕೊಂಡಳಲ್ಲ! ನನಗೆ ಅಂತ ಏನೂ ಉಳಿಸಲೇ ಇಲ್ಲವಲ್ಲ!

ಹಿತ್ತಿಲ ಬಾಗಿಲನ್ನು ಅವಳು ಮತ್ತೆ ತಳ್ಳಿದಳು. ಕೆಜಾಯ ಹಿಟ್ಟು ನಾದುತ್ತಿದ್ದಳು.

"ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಆ ಮುದಿಜೀವವನ್ನ ಹಾಸಿಗೆ ಸಮೇತ ಹೊತ್ಕೊಂಡು ಬಂದು ನಿಲ್ಲಿಸ್ತಿದ್ರು, ಈ ಗಂಡಸರು. ಒಳಗೆ ಬರ್ಬೇಡ ಕಣೆ, ಯಾರಾದ್ರೂ ನೋಡ್ತಾರೆ. ನಿನ್ನ ಬೆಂಚು ಹೋಗುತ್ತೆ." ಕೆಜಾಯ ಹಿಟ್ಟಿನ ಡಬ್ಬಕ್ಕೆ ಕೈಹಾಕಿ ಪುಟ್ಟ ಗಂಟೊಂದನ್ನು ತೆಗೆದಳು. "ಡೀಕನ್ನೋರು ಉಳಿದದ್ದೆಲ್ಲ ಸುಟ್ಟರು. ಇದೊಂದು ಹಿಡಿ ಉಳಿದಿತ್ತು. ಕಾಕಂಬಿ ಒಂದು ಚೂರು ಹಾಕು, ಜಾಸ್ತಿ ಬೇಡ."

"ಗೊತ್ತು ನಂಗೆ. ಅವರು ನಮ್ಮತ್ತೆ," ಎಂದು ಜೆರೂಷಾ ಗಂಟು ಕಿತ್ತುಕೊಂಡಳು.

ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಇದ್ದಷ್ಟೂ ಎಲೆ ಹಾಕಿ ಕುದಿಸಿದಳು. ಕಾಕಂಬಿ ಹಾಕಿದಳು. ಒಳ್ಳೆಯ ಬಟ್ಟಲಲ್ಲಿ ಸುರಿದು ತಂದಳು. ತಬಿತಾ ಒಂದು ಗುಟುಕು ಕುಡಿದಳು. ಬಾಯಿ ಚಪ್ಪರಿಸಿದಳು.

"ಚೆನ್ನಾಗಿದೆ," ಎಂದಳು. "ಆದ್ರೆ ಕೆಜಾಯ ಮಾಡಿದ ಹಾಗಿಲ್ಲ."

ಜೆರೂಷಾಳಿಗೆ ಬಟ್ಟಲು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು. ಬಡಿಯಲಿಲ್ಲ. ಹಿತ್ತಿಲಿಗೆ ಹೋಗಿ ಜೋರಾಗಿ ಅತ್ತಳು.

ಮುಂದಿನ ಭಾನುವಾರ ಪ್ರಾರ್ಥನೆ ಶುರುವಾಗುವ ಮೊದಲೇ ಜೆರೂಷಾ ಮೊದಲ ಬೆಂಚಿನಿಂದ ಎದ್ದು ನಡುಹಾದಿಗೆ ಬಂದಳು.

"ಆ ಚಹಾ ನಮ್ಮ ಮನೆಗೆ ಬರ್ತಿತ್ತು. ಕುಡಿದವರು ನಮ್ಮತ್ತೆ. ಮೊನ್ನೆ ನಾನೇ ಕಾಯಿಸಿ ಕೊಟ್ಟೆ. ಮಾಡಿದ್ದು ಇಷ್ಟೇ ಅಲ್ಲ. ನಾನು ಚಾಡಿ ಹೇಳಿದ್ದು ಆಣೆಗೋಸ್ಕರ ಅಲ್ಲ, ಬೆಂಚಿಗೋಸ್ಕರ."

"ಜೆರೂಷಾ!" ಎಂದು ಡೀಕನ್ ಕೆಂಪಾದರು. "ಯೋಚನೆ ಮಾಡಿ ಮಾತಾಡಮ್ಮಾ. ಕೊನೇ ಬೆಂಚಿಗೆ ಹೋಗ್ಬೇಕಾಗುತ್ತೆ."

"ಹೋಗ್ತೀನಿ ಡೀಕನ್ನೋರೇ. ದಾರಿ ಗೊತ್ತು."

ಬಾಗಿಲ ಬಳಿ ಕೆಜಾಯ ಸರಿದು ಜಾಗ ಕೊಟ್ಟಳು. "ಹುಚ್ಚು ಹಿಡೀತೇನೇ ನಿಂಗೆ?"

"ಸುಮ್ನಿರು. ನಾಳೆ ಮಧ್ಯಾಹ್ನ ಮನೆಗೆ ಬಾ. ಮನೆಗೆ ಸೇರಿಸ್ಬಾರ್ದು ಅಂದದ್ದು ಮರ್ಯಾದಸ್ಥರಿಗೆ. ಈಗ ನಾನೂ ನಿನ್ ಥರಾನೇ."

ಸೋಮವಾರ ಕೆಜಾಯ ಬಂದಳು. ಚಹಾ ಒಂದು ಚೂರೂ ಉಳಿದಿರಲಿಲ್ಲ. ರಾಸ್‌ಬೆರಿ ಎಲೆ ಕುದಿಸಿ ತಂದು, ಹಾಸಿಗೆಯ ಅಂಚಿನಲ್ಲಿ ಕೂತು, ಮುದುಕಿಯ ತಲೆಯನ್ನು ತೋಳಿಗೆ ಒರಗಿಸಿಕೊಂಡಳು. "ಆಮೇಲೆ ಆ ಹಡಗು ಏನಾಯ್ತು ಅಜ್ಜಿ? ಹೋದ ಸಲ ಅರ್ಧಕ್ಕೆ ನಿಲ್ಲಿಸಿದ್ರಿ," ಎಂದಳು. ತಬಿತಾ ಕಥೆ ಹೇಳುತ್ತಾ ಹೇಳುತ್ತಾ ಬಟ್ಟಲು ಖಾಲಿ ಮಾಡಿದಳು.

"ನೋಡು, ಚಹಾ ಅಂದ್ರೆ ಇದು!" ಎಂದಳು ಸೊಸೆಗೆ.

ಬಾಗಿಲಲ್ಲಿ ನಿಂತಿದ್ದ ಜೆರೂಷಾಳಿಗೆ ಆ ಹಡಗಿನ ಕಥೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಆ ಹಾಸಿಗೆಯ ಮೇಲೆ ಕೂತಿರಲಿಲ್ಲ. ಮೀನು ಮಗುಚುವುದನ್ನು ಬಿಟ್ಟು ಅವಳು ಬಂದು ಹಾಸಿಗೆಯ ಇನ್ನೊಂದು ಅಂಚಿನಲ್ಲಿ ಕೂತಳು.

ಆ ಮುದುಕಿ ಎಲೆ ಉದುರುವ ಕಾಲದಲ್ಲಿ ಹೋದಳು. ಆಮೇಲೆ ಯುದ್ಧ ಬಂತು, ದೊರೆ ಹೋದ, ಚಹಾ ಮತ್ತೆ ಬಂತು. ಎಲ್ಲರ ಕೂದಲೂ ಬೆಳ್ಳಗಾಯಿತು. ಆ ಡೀಕನ್ನರ ಮಗ, ಈಗ ಅವನೇ ಡೀಕನ್, ಒಂದು ದಿನ ಕೊನೆಯ ಬೆಂಚಿನ ಬಳಿ ಬಂದು ನಿಂತ.

"ಜೆರೂಷಜ್ಜಿ, ಹಳೇದೆಲ್ಲ ಮರೆತುಬಿಡಿ. ಮೊದಲ ಬೆಂಚಲ್ಲಿ ಒಂದು ಜಾಗ ಖಾಲಿ ಇದೆ. ನಿಮಗೇ ಅಂತ ಹಿರಿಯರೆಲ್ಲ ಒಪ್ಪಿದ್ದಾರೆ."

"ಒಂದೇನಾ?"

"ಒಂದೇ ಅಜ್ಜಿ."

ಜೆರೂಷಾ ಪಕ್ಕಕ್ಕೆ ನೋಡಿದಳು. ಕಿವಿ ಮಂದವಾದ ಕೆಜಾಯ ಏನೂ ಕೇಳಿಸದೆ, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲಿಗೆ ಮೊಣಕಾಲು ಒಡ್ಡಿಕೊಂಡು ಕೂತಿದ್ದಳು.

"ಬೇಡಪ್ಪಾ," ಎಂದಳು ಜೆರೂಷಾ. "ನಾನು ಮುಂದೆ ಹೋದ್ರೆ ಈ ಬಿಸಿಲು ಪೂರ್ತಿ ಇವಳೊಬ್ಬಳಿಗೇ ಸಿಗುತ್ತೆ." ಹಾಗೆಂದು ಇನ್ನಷ್ಟು ಹತ್ತಿರ ಸರಿದು ಕೂತಳು.