ಪ್ರಸ್ಥಾನದ ಗಂಟು

ನಮ್ಮ ಅತ್ತೆ ಗೋಕರ್ಣಕ್ಕೆ ನಡೆದುಹೋಗಲಿಲ್ಲ. ಮೊಣಕಾಲು ನೋವಿತ್ತು ಎಂದು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಹೋಗದ ಹಾಗೆ ಮಾಡಿದವಳು ನಾನು. ಎರಡನೆಯ ಇಯತ್ತೆ ಕಲಿತ ಕೈ ನನ್ನದು, ಬಂದ ಹಾಗೆ ಬರೆಯುತ್ತೇನೆ.

ಧಾರವಾಡ ಬಿಟ್ಟು ಬಂದು ನಾವು ಪುಣೆಯ ಒಂದು ವಾಡೆಯ ಮಾಳಿಗೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ಗಂಡ ಕಾರಕೂನರು. ಒಂದು ವರ್ಷ ಅವರಿಗೆ ಜ್ವರ ಬಂದು ವೈದ್ಯರು ಕೈಬಿಟ್ಟರು. ಮಗ ಎದ್ದು ಕೂತರೆ ಕಡಲ ದಂಡೆ ಹಿಡಿದು ಗೋಕರ್ಣದವರೆಗೆ ನಡೆಯುತ್ತೇನೆಂದು ಅತ್ತೆ ಹರಕೆ ಹೊತ್ತರು. ಮಗ ಎದ್ದು ಕೂತರು. ಕೂತವರು ಹೇಳಿದ್ದು ಇಷ್ಟು: "ಸೊಸಿನ್ನ ಕರಕೊಂಡು ಹೋಗವ್ವಾ. ನಿನ್ನ ಒಬ್ಬಾಕಿನ್ನ ಬಿಡೂದಿಲ್ಲ."

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಅಡಿಗೆಮನೆಯ ನೆಲದ ಮೇಲೆ ಹುಣಸೆಬೀಜ ಸಾಲಾಗಿ ಇಟ್ಟು ಹಾದಿ ಹಾಕುತ್ತಿದ್ದರು. ಒಂದು ಬೀಜ ಒಂದು ದಿನದ ವಸ್ತಿ. ಭೋರ್, ಅದರಾಚೆ ಘಟ್ಟ, ಘಟ್ಟ ಇಳಿದರೆ ಕಡಲು. ಹೊಳೆ ಬಂದು ಕಡಲು ಸೇರುವಲ್ಲಿ ಬೆರಳು ಅದ್ದಿ ನೀರಿನ ಗೆರೆ ಎಳೆಯುತ್ತಿದ್ದರು. ಗೆರೆ ಒಣಗಿದರೆ ಮತ್ತೆ ಎಳೆಯುವುದು. ಓಣಿಯ ಹೋಟೆಲಿನ ಅಡಿಗೆಯವನು ಆ ಕಡಲ ಕಡೆಯವನು. ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದರು.

"ಹುಣ್ಣಿಮೆ ಅಮಾಸೆಗೆ ಮಧ್ಯಾಹ್ನ ಉಬ್ಬರ ಉಂಟು, ಅಮ್ಮಾ. ಅಷ್ಟಮಿಗೆ ಇಳಿತ. ಆಗ ಸಣ್ಣ ಹೊಳೆಗಳನ್ನು ನಡೆದೇ ದಾಟಬಹುದು. ದೊಡ್ಡದಕ್ಕೆ ದೋಣಿ."

ಆ ಲೆಕ್ಕದ ಮೇಲೆ ಹೊರಡುವ ದಿನ ಗೊತ್ತಾಯಿತು. ವಾಡೆಯ ಇನ್ನೂ ಮೂವರು ಹಿರಿಯ ಹೆಂಗಸರು ಕೂಡಿಕೊಂಡರು. ಅತ್ತೆ ದಿನಾ ಬೆಳಿಗ್ಗೆ ಪರ್ವತಿ ಗುಡ್ಡ ಹತ್ತಿ ಇಳಿದು ಕಾಲು ಪಳಗಿಸಿದರು. ನಾನು ಅವಲಕ್ಕಿ ಹುರಿದೆ, ಹಿಟ್ಟು ಬೀಸಿದೆ. ಮನಸ್ಸು ಮಾತ್ರ ಇರಲಿಲ್ಲ. ಒಂದೂವರೆ ತಿಂಗಳು ಮುದುಕಿಯರ ಹಿಂದೆ ಮಡಿಪಾತ್ರೆ ಹೊತ್ತು ನಡೆಯುವುದು ಯಾರಿಗೆ ಬೇಕು? ದೋಣಿಯ ಅಂಜಿಕೆ ಎನ್ನಬಹುದು, ಆದರೆ ಅದು ಮೈಗಳ್ಳತನ. ಬರುವುದಿಲ್ಲ ಎನ್ನುವ ಬಾಯಿ ಆಗ ಸೊಸೆಯಂದಿರಿಗೆ ಇರಲಿಲ್ಲ.

ಒಳ್ಳೆಯ ಮುಹೂರ್ತ ಹೊರಡುವ ಹಿಂದಿನ ದಿನವೇ ಬಿತ್ತು. ಅಂಥಾಗ ಪ್ರಸ್ಥಾನ ಇಡುತ್ತಾರೆ. ಪಯಣದ ಗಂಟನ್ನು ಮುಹೂರ್ತಕ್ಕೆ ಸರಿಯಾಗಿ ಪಕ್ಕದ ಮನೆಯಲ್ಲಿ ಇಟ್ಟು ಬಂದರೆ ಯಾತ್ರೆ ಶುರುವಾದಂತೆ. ಐದು ದಿನದೊಳಗೆ ಹೊರಡಬೇಕು, ಇಲ್ಲವಾದರೆ ಪ್ರಸ್ಥಾನ ಕೆಡುತ್ತದೆ. ಅತ್ತೆ ಗಂಟು ಇಟ್ಟು ಬಂದರು. ಅದೇ ಸಂಜೆ ನಾನು ಹಿತ್ತಲಿಗೆ ಹೋಗಿ, ತಿರುಗಿ ಒಳಗೆ ಬರದೆ ಬಾಗಿಲಾಚೆ ಕೂತೆ.

"ಯಾಕವಾ ಅಲ್ಲೇ ಕೂತಿ?"

"ಕಾಗಿ ಮುಟ್ಟೇದರೀ, ಅತ್ತಿಯವರ."

ತಿಂಗಳ ಮುಟ್ಟು ಅನ್ನುವುದಕ್ಕೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ಮುಟ್ಟೂ ಇರಲಿಲ್ಲ, ಕಾಗೆಯೂ ಇರಲಿಲ್ಲ.

ಮರುದಿನ ಆ ಮೂವರು ಗಂಟು ಹೊತ್ತು ಬಂದು ನಿಂತರು. ಕಾದರೆ ಅಷ್ಟಮಿ ತಪ್ಪುತ್ತದೆ ಎಂದರು. ಒಬ್ಬಾಕೆ ನನ್ನತ್ತ ನೋಡಿ, "ನಿಮ್ಮ ಸೊಸಿ ಕಾಗಿ ಪಂಚಾಂಗ ನೋಡೇ ಬಂದದ ಬಿಡ್ರಿ" ಎಂದು ನಕ್ಕಳು. ಅತ್ತೆ ನಗಲಿಲ್ಲ. ನನ್ನನ್ನು ಬಿಟ್ಟು ಅವರನ್ನು ಕಳಿಸಲು ಗಂಡ ಒಪ್ಪಲಿಲ್ಲ. ಆ ಮೂವರು ಹೊರಟುಹೋದರು.

ಆ ದಿನಗಳಲ್ಲಿ ಅತ್ತೆಯೇ ಬೇಯಿಸಿ, ದೂರದಿಂದ ನನ್ನ ತಾಟಿಗೆ ಬಿಸಿ ಭಕ್ಕರಿ ಹಾಕಿದರು. "ಹೊಟ್ಟಿ ತುಂಬ ತಿನ್ನು. ಘಟ್ಟ ಇಳಿಯೂದದ." ನಾನು ತಿಂದೆ. ಇನ್ನೊಂದು ಕೇಳಿ ಹಾಕಿಸಿಕೊಂಡೆ. ಅದೇ ಈಗ ನಾಚಿಕೆ.

ಐದನೆಯ ದಿನ ಬೆಳಿಗ್ಗೆ ಅವರು ಸೀರೆ ಎತ್ತಿ ಕಟ್ಟಿ ನಿಂತಿದ್ದರು. "ಇವತ್ತೊಂದ ದಿನಾ ಅದ. ಝಟ್ ನಡದ್ರ ಅವರನ್ನ ಹಿಡೀತೇವಿ. ಏಳು, ನೀರ ಎರಕೋ."

"ಇನ್ನೂ ನಿಂತಿಲ್ರೀ" ಎಂದೆ.

ಅತ್ತೆ ಸೀರೆ ಇಳಿಸಿಕೊಂಡರು. ಸಂಜೆ ಪಕ್ಕದ ಮನೆಗೆ ಹೋಗಿ ತಾವೇ ಗಂಟು ತಂದರು. ಹುಣಸೆಬೀಜ ಬಳಿದು ಡಬ್ಬಿಗೆ ಹಾಕಿದರು.

ಇದಾಗಿ ಹತ್ತು ಹನ್ನೆರಡು ದಿನಕ್ಕೆ ನನಗೆ ನಿಜವಾಗಿ ಮುಟ್ಟು ಬಂತು. ಏನಂತ ಹೇಳಲಿ? ಮುಚ್ಚಿಟ್ಟೆ. ಅದೇ ಮೈಯಲ್ಲಿ ಒಲೆ ಹೊತ್ತಿಸಿದೆ, ದೇವರ ನೀರು ತುಂಬಿದೆ, ವಿಧವೆಯಾಗಿ ಮೂವತ್ತು ವರ್ಷ ಮಡಿ ಕೆಡದ ಹೆಂಗಸಿಗೆ ಬಡಿಸಿದೆ. ಮೈಲಿಗೆ ಎನ್ನುವುದನ್ನು ನಾನು ಈಗ ನಂಬುವುದಿಲ್ಲ. ಅವರು ನಂಬಿದ್ದರಲ್ಲ.

ಮೂರನೆಯ ದಿನ ಹಿತ್ತಲ ಕಟ್ಟಿಗೆಯ ಹಿಂದೆ ಒಣಹಾಕಿದ್ದ ಮುಟ್ಟಿನ ಬಟ್ಟೆ ಅತ್ತೆಯ ಕಣ್ಣಿಗೆ ಬಿತ್ತು. ನೋಡಿದರು, ನನ್ನನ್ನೂ ನೋಡಿದರು, ಒಳಗೆ ಹೋದರು. ಮರುದಿನದಿಂದ ತಮ್ಮ ನೀರು ತಾವೇ ತಂದರು, ತಮ್ಮ ಅನ್ನ ತಾವೇ ಬೇಯಿಸಿಕೊಂಡರು. ಅಂಗಳದ ತೊಟ್ಟಿಯಿಂದ ಮಾಳಿಗೆಗೆ ಇಪ್ಪತ್ತೊಂದು ಮೆಟ್ಟಿಲು. ಕೊಡಕ್ಕೆ ಕೈ ಹಾಕಿದರೆ, "ಇರಲಿ ಬಿಡು. ನನಗ ನಡಿಯೂ ರೂಢಿ ಬೇಕಲ್ಲ" ಎನ್ನುತ್ತಿದ್ದರು. ಮೊಣಕಾಲು ಕೆಟ್ಟದ್ದು ಆ ಮೆಟ್ಟಿಲ ಮೇಲೆ. ಆಮೇಲೆ ಯಾವ ವರ್ಷವೂ ಅವರು ಯಾತ್ರೆಯ ಮಾತು ತೆಗೆಯಲಿಲ್ಲ.

ತಪ್ಪಾಯಿತು ಎನ್ನಲು ನನಗೆ ಆರು ವರ್ಷ ಸಿಕ್ಕಿತ್ತು. ಅನ್ನಲಿಲ್ಲ.

ಅತ್ತೆಯ ಕೊನೆಯ ದಿನ ನೀರಿನ ತಂಬಿಗೆ ಹಿಡಿದು ಅವರ ಬಾಯಿಯ ಹತ್ತಿರ ಹೋದೆ. ಕಣ್ಣು ತೆರೆದು ನೋಡಿ ತುಟಿ ಬಿಗಿದರು. ಗಂಡ ತಂಬಿಗೆ ಇಸಿದುಕೊಂಡು ಹನಿಸಿದಾಗ ಕುಡಿದರು.

"ಅವ್ವಗ ನಿನ್ನ ಗುರುತು ಹತ್ತಲಿಲ್ಲ, ಮನಸ್ಸಿಗೆ ಹಚಗೋಬ್ಯಾಡ" ಎಂದರು ಗಂಡ.

ಗುರುತು ಸರಿಯಾಗಿಯೇ ಹತ್ತಿತ್ತು.