ನನ್ನನ್ನು ಮಗಳೆಂದು ಬರೆಸದ ಮೇಡಂ

ಮೇಡಂ ಅವರ ಕೆಳತುಟಿಯಿಂದ ಗದ್ದದವರೆಗೆ ಬಿಳಿ ಮಚ್ಚೆ ಹರಡಿತ್ತು. ಎರಡೂ ಕೈಗಳಲ್ಲಿ ತೊನ್ನು ಮಣಿಕಟ್ಟು ದಾಟಿ ಮೇಲೇರಿತ್ತು. ಶಿಕಾರಿಪುರದಲ್ಲಿ ನಾನು ಕಾಲೇಜಿಗೆ ಸೇರಿದ ಆ ತೊಂಬತ್ತರ ದಶಕದಲ್ಲಿ ಅವರು ನಮಗೆ ಕನ್ನಡ ಹೇಳಿಕೊಡುತ್ತಿದ್ದರು. ಮೊದಲ ದಿನ ಕ್ಲಾಸಿಗೆ ಕ್ಲಾಸೇ ಅವರ ಮುಖ ನೋಡುತ್ತ ಕೂತಿದ್ದಾಗ, “ನೋಡಿ ಮುಗೀತಾ? ಸರಿ, ಪುಸ್ತಕ ತೆಗೀರಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಜನರ ಅಂಥ ನೋಟ ನನಗೂ ಹೊಸದಲ್ಲ. ನಮ್ಮಪ್ಪ ನೇಪಾಳದಿಂದ ಬಂದ ಗೂರ್ಖಾ. ಪೇಟೆ ಬೀದಿಯಲ್ಲಿ ರಾತ್ರಿ ಸೀಟಿ ಊದುತ್ತ ಅಂಗಡಿಗಳನ್ನು ಕಾಯುತ್ತಿದ್ದರು. ನಾನು ಇಲ್ಲಿಗೆ ಬಂದಾಗ ಇನ್ನೂ ನಡೆಯಲು ಕಲಿಯುತ್ತಿದ್ದೆನಂತೆ. ಒಂದನೇ ಕ್ಲಾಸಿನಿಂದ ಓದಿದ್ದೆಲ್ಲ ಕನ್ನಡದಲ್ಲೇ. ಆದರೂ ಬಾಯಿ ತೆರೆದರೆ ಸಾಕು, “ಗೂರ್ಖಾನ ಮಗಳು ಎಷ್ಟು ಚಲೋ ಕನ್ನಡ ಮಾತಾಡ್ತಾಳ್ರೀ!” ಎನ್ನುವರು. ಅಜ್ಜಿಗೆ ಕಾಯಿಲೆಯೆಂದು ನನ್ನ ತಮ್ಮನನ್ನು ಕರೆದುಕೊಂಡು ನೇಪಾಳದ ಊರಿಗೆ ಹೋದ ಅಮ್ಮ ತಿರುಗಿ ಬರಲಿಲ್ಲ. ಅಪ್ಪ ಹಗಲು ಮಲಗುತ್ತಿದ್ದರು, ನಾನು ರಾತ್ರಿ. ಒಂದೇ ಕೋಣೆಯಲ್ಲಿದ್ದೂ ನಾವಿಬ್ಬರು ಮಾತಿಗೆ ಸಿಗುತ್ತಿದ್ದುದು ಸಂಜೆಯ ಚಹಾದ ಹೊತ್ತಿಗೆ ಮಾತ್ರ.

ಮೇಡಂ ಸೊರಬದ ಕಡೆ ಕುಪ್ಪಗಡ್ಡೆಯವರು. ಮದುವೆಯಾಗಿರಲಿಲ್ಲ. ಉಳಿದ ಅಧ್ಯಾಪಕರು ಒಟ್ಟಿಗೆ ಊಟಕ್ಕೆ ಕೂತರೆ ಇವರು ಕಿಟಕಿ ಹತ್ತಿರದ ಕುರ್ಚಿಯಲ್ಲಿ ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದರು. ತೊನ್ನು ಅಂಟುವ ರೋಗವಲ್ಲ ಎಂದು ತಾವಾಗಿ ಯಾರಿಗೂ ಹೇಳಿದವರಲ್ಲ. ಪಾಠದಲ್ಲಿ ಯಾರಾದರೂ ತಡವರಿಸಿದರೆ, “ನಿಧಾನ. ಪದ ಎಲ್ಲೂ ಓಡಿಹೋಗಲ್ಲ” ಎಂದು ಕಾಯುತ್ತ ನಿಲ್ಲುತ್ತಿದ್ದರು.

ಬಿ.ಎ. ಮೊದಲ ವರ್ಷದಲ್ಲಿ ನಾನು ಕಾಲೇಜಿಗೇ ಮೊದಲು ಬಂದೆ. ಅದೇ ಹೊತ್ತಿಗೆ ಅಂಗಡಿಯವರು ಬೇರೆ ಕಾವಲುಗಾರನನ್ನು ಗೊತ್ತುಮಾಡಿಕೊಂಡರು. ಅಪ್ಪ ಕೆಲಸಕ್ಕೆ ಹಾವೇರಿಗೆ ಹೋಗಬೇಕಾಯಿತು. ವಿದ್ಯಾರ್ಥಿವೇತನವೂ ಹಾಸ್ಟೆಲ್ಲೂ ಸಿಕ್ಕರೆ ನಾನು ಇಲ್ಲೇ ಉಳಿಯಬಹುದಿತ್ತು. ಇಲ್ಲವಾದರೆ ಓದು ಅಲ್ಲಿಗೇ ಮುಗಿಯುತ್ತಿತ್ತು. ಮೇಡಂ ತಾವೇ ಅಪ್ಪನನ್ನೂ ನನ್ನನ್ನೂ ವಿದ್ಯಾರ್ಥಿವೇತನದ ಕಚೇರಿಗೆ ಕರೆದೊಯ್ದರು.

“ಮಾರ್ಕ್ಸ್ ಭಾಳ ಚೆನ್ನಾಗಿದಾವ್ರೀ ಮೇಡಂ,” ಎಂದರು ಅಲ್ಲಿದ್ದ ಅಧಿಕಾರಿ. “ಆದ್ರೆ ಈ ದೇಶದೋಳು ಅನ್ನಾಕೆ ಏನಾದ್ರೂ ದಾಖಲೆ ಬೇಕಲ್ಲ? ಇವಳ ಹತ್ರ ರೇಷನ್ ಕಾರ್ಡೂ ಇಲ್ಲ.”

“ಇಲ್ಲೇ ಬೆಳೆದೋಳು ಕಣ್ರೀ.”

“ಗೊತ್ತೈತ್ರೀ. ನಮ್ಮ ಬೀದೀನೂ ಇವರಪ್ಪನೇ ಕಾಯ್ತಿದ್ದದ್ದು. ನಿಯಮದಾಗೆ ಬರಲ್ಲ, ನಾನೇನ್ ಮಾಡ್ಲಿ ಹೇಳ್ರಿ?”

ಹೊರಗೆ ಬಂದೆವು. ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವವನೊಬ್ಬ ವಿಷಯ ಕೇಳಿ ಮೇಡಂ ಕಡೆ ಬಗ್ಗಿದ. “ದಾರಿ ಐತ್ರೀ ಅಮ್ಮಾರೆ. ಸಣ್ಣೋಳಿದ್ದಾಗಿಂದ ನಾನೇ ಸಾಕೀನಿ, ಅಪ್ಪ ಅವ್ವ ಯಾರೂ ಇಲ್ಲ, ನನ್ ಮಗಳು ಅಂತ ಬರೆಸಿಬಿಡ್ರಿ. ನಿಮಗೂ ಗಂಡ ಮಕ್ಳು ಅಂತ ಯಾರೂ ಇಲ್ಲ. ಸಾಕ್ಷಿಗೆ ನಾನು ಜನ ಕರೀತೀನಿ.”

ಸ್ವಲ್ಪ ದೂರದಲ್ಲಿ ನಿಂತಿದ್ದ ಅಪ್ಪನಿಗೆ ಅದು ಕೇಳಿಸಿತು. ಹತ್ತಿರ ಬಂದು, “ಬರೀರಿ ಮೇಡಂಜಿ,” ಎಂದರು. “ನಾನು ಇಲ್ಲ ಅಂತ ಬರೀರಿ. ಇವಳು ಓದ್ಲಿ.”

ಮೇಡಂ ಕೈ ನನ್ನ ಭುಜದ ಮೇಲಿತ್ತು. ಅದು ಬಿಗಿಯಾಯಿತು. ಅವರು ಹೂಂ ಎನ್ನಲಿ ಎಂದು ನಾನು ಕಾದೆ. ಅವರಿಗೂ ಹಾಗನ್ನುವ ಆಸೆಯಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಕೈ ತೆಗೆದರು.

“ಬೇಡ ಕಣ್ರೀ. ಅಪ್ಪ ಎದುರಿಗೆ ನಿಂತಿದಾರೆ. ಇಲ್ಲ ಅಂತ ಹೆಂಗೆ ಬರೆಸ್ಲಿ?” ಆಮೇಲೆ ಅಪ್ಪನ ಕಡೆ ತಿರುಗಿ ಹೇಳಿದರು: “ನೀವು ಹಾವೇರಿಗೆ ಹೋಗಿ. ಇವಳು ನಮ್ಮನೇಲಿ ಇರ್ತಾಳೆ. ಓದು ನಿಲ್ಲಲ್ಲ.”

ಅಪ್ಪ ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತರು.

ಬಿ.ಎ. ಮುಗಿಯುವವರೆಗೂ ಆ ಮನೆಯಲ್ಲಿದ್ದೆ. ಸದ್ದಿಲ್ಲದ ಮನೆ. ಬಾಗಿಲು ತಟ್ಟುವವರು ಅಪರೂಪ. ಮೊದಲ ದಿನ ಅನ್ನದ ಪಾತ್ರೆ ನನ್ನ ಮುಂದಿಟ್ಟು, “ನೀನೇ ಬಡಿಸ್ಕೊ” ಎಂದು ಸೌಟು ಕೊಟ್ಟರು. ದಿನಾ ಹಾಗೆಯೇ. ತಮ್ಮ ಕೈಯಿಂದ ಬಡಿಸಿದ್ದನ್ನು ನಾನು ಉಣ್ಣಲಾರೆನೆಂದು ಅವರಾಗಿಯೇ ದೂರ ಸರಿಯುತ್ತಿದ್ದಾರೆಂದು ಹೊಳೆದ ದಿನ, ತಟ್ಟೆ ಮುಂದೆ ಚಾಚಿ “ನೀವೇ ಬಡಿಸಿ ಮೇಡಂ” ಎಂದೆ. ಬಡಿಸಿದರು. ಬಡಿಸಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಅನ್ನ ಆರಿದರೂ ಕಾದೆ.

ನಾನು ಈ ದೇಶದವಳೆಂಬ ದಾಖಲೆಗಳೆಲ್ಲ ಆಗುವ ಹೊತ್ತಿಗೆ ನನಗೆ ಮದುವೆಯಾಗಿ ಹಲವು ವರ್ಷ ಕಳೆದಿತ್ತು. ಅಷ್ಟರಲ್ಲಿ ಅಪ್ಪ ನೇಪಾಳಕ್ಕೆ ಮರಳಿದ್ದರು. ನಾನೀಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ.

ನಿವೃತ್ತರಾದ ಮೇಡಂ ಕುಪ್ಪಗಡ್ಡೆಗೆ ಹೋಗಿ ಅಣ್ಣನ ಮನೆಯ ಪಕ್ಕದಲ್ಲೇ ಬೇರೆ ಒಲೆ ಹೂಡಿಕೊಂಡಿದ್ದರು. ಅವರು ತೀರಿಕೊಂಡ ಸುದ್ದಿ ತಿಳಿದು ಸೊರಬದ ಬಸ್ಸು ಹಿಡಿದು ಓಡಿದೆ. ಮಣ್ಣಿಗೆ ಬಂದವರು ಹೆಚ್ಚಿರಲಿಲ್ಲ. ಗದ್ದೆಯ ಅಂಚಿನಲ್ಲಿ ಗುಂಡಿ ತೋಡಿದ್ದರು. ಒಬ್ಬೊಬ್ಬರಾಗಿ ಹೋಗಿ ಬಿಲ್ವಪತ್ರೆ, ಮಣ್ಣು ಹಾಕುತ್ತಿದ್ದರು. ನಾನು ಎಲ್ಲರ ಹಿಂದೆ ನಿಂತೆ. ಅವರ ಅತ್ತಿಗೆ ನನ್ನ ಮುಖವನ್ನೇ ನೋಡಿ, ಕೈಗೆ ಪತ್ರೆ ಕೊಡುತ್ತ ಮೆಲ್ಲಗೆ ಕೇಳಿದರು:

“ನೀವು ಇವರಿಗೆ ಏನಾಗ್ಬೇಕು?”

ಅಷ್ಟರಲ್ಲಿ ಮುಂದಿದ್ದವರು ಸರಿದರು. ನನ್ನ ಸರದಿ ಬಂದಿತ್ತು.